ಚಲನಚಿತ್ರ ಶಾಲೆಯೋ, ಸೆಟ್ಟಿನ ಕಲಿಕೆಯೋ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಪದವಿ ಮುಗಿಸಿರುವ ನಾನು ನಿರ್ದೇಶಕನಾಗಬೇಕೆಂಬ ಹಂಬಲದಿಂದ ಮೊಬೈಲಿನಲ್ಲಿ ಕೆಲವು ಕಿರುಚಿತ್ರಗಳನ್ನು ತೆಗೆದು, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲಿ ಸಂಕಲನ ಮಾಡಿದ್ದೇನೆ. ಬಸ್ ನಿಲ್ದಾಣದ ದೃಶ್ಯವೊಂದರಲ್ಲಿ ಶಾಟ್ ಬದಲಾದಾಗಲೆಲ್ಲ ಹಿನ್ನೆಲೆಯ ಗದ್ದಲವೂ ಜಿಗಿಯುತ್ತಿತ್ತು. ಪರಿಸರದ ಶಬ್ದವನ್ನು ಪ್ರತ್ಯೇಕವಾಗಿ ಮುದ್ರಿಸಿ ಇಡೀ ದೃಶ್ಯದ ಕೆಳಗೆ ಹಾಸಬೇಕೆಂಬುದನ್ನು ಯೂಟ್ಯೂಬ್ ನೋಡಿ ಕಲಿತೆ. ಆದರೆ ಅದೇ ದೃಶ್ಯದಲ್ಲಿ ಮಾತನಾಡುವ ಮಗನ ಮುಖದಲ್ಲೇ ನಿಲ್ಲಬೇಕೇ, ಸುಮ್ಮನೆ ಕೇಳುತ್ತಿರುವ ತಾಯಿಯ ಮುಖಕ್ಕೆ ಹೋಗಬೇಕೇ ಎಂಬುದನ್ನು ಯಾವ ವಿಡಿಯೊವೂ ತಿಳಿಸಲಿಲ್ಲ. ನನ್ನ ಕೆಲಸವನ್ನು ನೋಡಿ ತಿದ್ದುವವರು ಬೇಕೆಂದು ಬಲವಾಗಿ ಅನ್ನಿಸಿದ್ದು ಆಗಲೇ.

ಪುಣೆಯ ಸರ್ಕಾರಿ ಚಲನಚಿತ್ರ ಶಾಲೆ ಎಫ್‌ಟಿಐಐನ ನಿರ್ದೇಶನದ ಕೋರ್ಸು ಮೂರು ವರ್ಷದ್ದು. ಪ್ರವೇಶ ಪರೀಕ್ಷೆ ದಾಟಿದರೂ ಅಷ್ಟು ಕಾಲ ಸಂಪಾದನೆ ಇರುವುದಿಲ್ಲ. ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆ ಛಾಯಾಗ್ರಹಣ ಮತ್ತು ಧ್ವನಿಗ್ರಹಣಕ್ಕೆ ಹೆಸರಾದುದು, ನನ್ನ ಒಲವು ನಿರ್ದೇಶನದ ಕಡೆಗೆ. ಈ ನಡುವೆ ಬೆಂಗಳೂರಿನ ಧಾರಾವಾಹಿ ತಂಡವೊಂದು ಸಹಾಯಕ ನಿರ್ದೇಶಕನಾಗಿ ಬರಲು ಕರೆದಿದೆ. ಫಾರ್ಮಸಿ ಓದಿ ಪುಣೆಗೆ ಹೋದ ಗಿರೀಶ ಕಾಸರವಳ್ಳಿಯವರು ಮೊದಲ ಕಥಾಚಿತ್ರಕ್ಕೇ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಪಡೆದರು. ಪುಟ್ಟಣ್ಣ ಕಣಗಾಲರು ನಿರ್ದೇಶಕ ಬಿ.ಆರ್. ಪಂತುಲು ಅವರ ಬಳಿ ಸಹಾಯಕರಾಗಿ ದುಡಿದೇ ಬೆಳೆದರು. ಹೀಗಾಗಿ ದೊಡ್ಡವರ ಉದಾಹರಣೆಗಳಿಂದ ನನಗೆ ತೀರ್ಮಾನ ಸಿಗುತ್ತಿಲ್ಲ.

ದಿನವೂ ಕಂತು ಮುಗಿಸುವ ಒತ್ತಡದ ಸೆಟ್ಟಿನಲ್ಲಿ ಕಂಟಿನ್ಯೂಟಿ (ಒಂದು ಶಾಟ್‌ನ ಉಡುಪು, ವಸ್ತುಗಳು ಮುಂದಿನದಕ್ಕೆ ಹೊಂದುವಂತೆ ಇಡುವ ಟಿಪ್ಪಣಿ) ಬರೆದುಕೊಳ್ಳುವ ಹೊಸಬನಿಗೆ ಶಾಟ್ ಆಯ್ಕೆಯ ಹಿಂದಿನ ಕಾರಣಗಳನ್ನು ಕಲಿಯಲು ನಿಜವಾಗಿ ಅವಕಾಶ ಸಿಗುತ್ತದೆಯೇ, ಅಥವಾ ಅದಕ್ಕಾಗಿ ಮೂರು ವರ್ಷ ಶಾಲೆಗೇ ಹೋಗಬೇಕೇ? ಇವೆರಡರಲ್ಲಿ ಒಂದನ್ನಾದರೂ ಸ್ವತಃ ಅನುಭವಿಸಿದವರು ದಯವಿಟ್ಟು ತಿಳಿಸಿ.