ಅಪ್‌ಡೇಟ್: ವಂಡರ್‌ಲಾಗೆ ಹೋಗಿ ಬಂದೆವು

ಅತ್ತೆ ಮತ್ತು ಇಬ್ಬರು ಮಕ್ಕಳ ಜೊತೆ ಬಿಡದಿ ಹತ್ತಿರದ ವಂಡರ್‌ಲಾ ಅಮ್ಯೂಸ್‌ಮೆಂಟ್ ಪಾರ್ಕ್‌ಗೆ ಒಂದೇ ದಿನದಲ್ಲಿ ಹೋಗಿ ಬರೋದು ಹೇಗೆ ಅಂತ ಕೇಳಿದ್ದೆ ಅಲ್ವಾ, ಮಂಗಳವಾರ ಹೋಗಿ ಬಂದೆವು. ವಾರದ ನಡುವೆ ಹೋಗಿ ಅಂದವರಿಗೆ ಥ್ಯಾಂಕ್ಸ್, ಕ್ಯೂ ಕಮ್ಮಿ ಇತ್ತು.

ಮಕ್ಕಳ ಟಿಕೆಟ್ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಮನೆಯಲ್ಲೇ ಗೋಡೆಗೆ ನಿಲ್ಲಿಸಿ, ಪೆನ್ಸಿಲ್ ಗೆರೆ ಎಳೆದು ಅಳೆದೆ. ಚಿಕ್ಕವಳು 85 ಸೆಂಟಿಮೀಟರ್‌ಗಿಂತ ಕಮ್ಮಿ, ಹಾಗಾಗಿ ಫ್ರೀ. ದೊಡ್ಡವನು ರೋಲರ್ ಕೋಸ್ಟರ್ ಹತ್ತಿರ ಎತ್ತರ ಕಾಣಲಿ ಅಂತ ತುದಿಗಾಲಲ್ಲಿ ನಿಂತ. ಸಿಬ್ಬಂದಿ ನಕ್ಕು ವಾಪಸ್ ಕಳಿಸಿದರು.

ಎಡವಟ್ಟು ನನ್ನದೇ. ನೀರಾಟಕ್ಕೆ ನೈಲಾನ್ ಬಟ್ಟೆ ಬೇಕು, ಕಾಟನ್ ನಡೆಯಲ್ಲ ಅಂತ ನೀವು ಹೇಳಿದ್ದಿರಿ. ಎಲ್ಲರದ್ದೂ ಪ್ಯಾಕ್ ಮಾಡಿ ನನ್ನದನ್ನೇ ಮರೆತೆ! ಅಲ್ಲೇ ಕೊಂಡೆ. ಸುಮ್ನೆ ದಂಡ.

‘ನಾನು ನೆರಳಲ್ಲಿ ಕೂತಿರ್ತೀನಿ’ ಅಂದಿದ್ದ ಅತ್ತೆ ಮಾತ್ರ ವೇವ್ ಪೂಲ್‌ನಿಂದ ಏಳಲೇ ಇಲ್ಲ.