ಅಪ್‌ಡೇಟ್: ಜೀವಶಾಸ್ತ್ರದ ಉದ್ದುದ್ದ ಪದಗಳನ್ನು ಬಿಡಿಸಿ ಓದುವುದು

ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಮಗಳಿಗೆ ಜೀವಶಾಸ್ತ್ರದ ಇಂಗ್ಲಿಷ್ ಪದಗಳನ್ನು ಬಿಡಿಸಿ ಓದಲು ಹೇಗೆ ಕಲಿಸಲಿ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಕೃತಜ್ಞತೆಗಳು.

ನಿಜವಾಗಿ ಕೈಹಿಡಿದದ್ದು, ಮೊದಲು ಅರ್ಥದ ತುಂಡುಗಳಾಗಿ ಒಡೆದು ಆಮೇಲೆ ಉಚ್ಚಾರಾಂಶ ಬಿಡಿಸುವ ಸಲಹೆ. ಡಿಎನ್‌ಎಯ ಪೂರ್ಣ ಹೆಸರಿನಲ್ಲಿ ಬರುವ ಡಿಆಕ್ಸಿರೈಬೋನ್ಯೂಕ್ಲಿಯಿಕ್ ಎಂಬುದನ್ನು ಡಿ (ತೆಗೆದ), ಆಕ್ಸಿ (ಆಮ್ಲಜನಕ), ರೈಬೋ (ರೈಬೋಸ್ ಎಂಬ ಸಕ್ಕರೆ), ನ್ಯೂಕ್ಲಿಯಿಕ್ (ಕೋಶಕೇಂದ್ರದ) ಎಂದು ಬರೆದುಕೊಟ್ಟೆ. ಡಿ-ಆಕ್-ಸಿ-ರೈ-ಬೋ-ನ್ಯೂ-ಕ್ಲಿ-ಇಕ್ ಎಂದು ಎಂಟೂ ಉಚ್ಚಾರಾಂಶಗಳನ್ನು ಅವಳೇ ಬಿಡಿಸಿದಳು. ರೈಬೋಸ್‌ಗಿಂತ ಡಿಎನ್‌ಎಯ ಸಕ್ಕರೆಯಲ್ಲಿ ಆಮ್ಲಜನಕದ ಒಂದು ಪರಮಾಣು ಕಡಿಮೆ ಎಂಬುದೂ ಹೆಸರಿನಿಂದಲೇ ಹೊಳೆಯಿತು!

ತೊಡಕು ಉಳಿದಿರುವುದು ಒತ್ತಿನಲ್ಲಿ, ಅಂದರೆ ಪದದ ಯಾವ ಭಾಗವನ್ನು ಬಲವಾಗಿ ನುಡಿಯಬೇಕು ಎಂಬುದರಲ್ಲಿ. ಕನ್ನಡ ಓದಿ ಬೆಳೆದವರು ಎಲ್ಲ ಅಕ್ಷರಗಳನ್ನೂ ಹೆಚ್ಚುಕಡಿಮೆ ಒಂದೇ ಬಲದಿಂದ ನುಡಿಯುತ್ತೇವೆ. ಫೋಟೋಸಿಂಥೆಸಿಸ್‌ನಲ್ಲಿ ಬಲ ‘ಸಿನ್’ ಮೇಲೆ ಬೀಳಬೇಕು. ಈಗ ಅಂಥ ಭಾಗದ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದುಕೊಂಡು ಜೋರಾಗಿ ಓದುತ್ತಾಳೆ.