ಹಾಲು ಸಮರೂಪ ಮಿಶ್ರಣವೇ, ಅಸಮರೂಪ ಮಿಶ್ರಣವೇ?

ಪ್ರಶ್ನೆ:
ಒಂಬತ್ತನೇ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ಹಾಲನ್ನು ಸಮರೂಪ ಮಿಶ್ರಣಗಳ ಪಟ್ಟಿಗೆ ಸೇರಿಸಿದ್ದಳು. ಶಿಕ್ಷಕರು ಅದನ್ನು ಅಸಮರೂಪ ಎಂದು ತಿದ್ದಿದ್ದಾರೆ. ಉಪ್ಪುನೀರಿನಂತೆ ಹಾಲೂ ಮೇಲಿನಿಂದ ತಳದವರೆಗೆ ಒಂದೇ ತೆರನಾಗಿ ಕಾಣುತ್ತದೆ, ಸೋಸುಕಾಗದದಲ್ಲಿ ಸೋಸಿದರೂ ಬೆಳ್ಳಗೇ ಇಳಿಯುತ್ತದೆ. ಹಾಗಿರುವಾಗ ಇವೆರಡನ್ನು ಬೇರೆ ಬೇರೆ ವರ್ಗಕ್ಕೆ ಸೇರಿಸಲು ಆಧಾರವೇನು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಶಿಕ್ಷಕರು ತಿದ್ದಿದ್ದು ಸರಿಯಾಗಿದೆ. ಇಲ್ಲಿ ಆಧಾರ ಬರಿಗಣ್ಣಿನ ನೋಟವಲ್ಲ, ದ್ರವದಲ್ಲಿ ಹರಡಿರುವ ಕಣಗಳ ಗಾತ್ರ. ಉಪ್ಪು ನೀರಿನಲ್ಲಿ ಅಯಾನುಗಳಾಗಿ ಬಿಡಿಬಿಡಿಯಾಗುವುದರಿಂದ ಆ ಕಣಗಳು 1 ನ್ಯಾನೊಮೀಟರಿಗಿಂತ (ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಚಿಕ್ಕವು. ಅದು ನಿಜವಾದ ದ್ರಾವಣ, ಅಂದರೆ ಸಮರೂಪ ಮಿಶ್ರಣ. ಕಣಗಳು ಸುಮಾರು 1ರಿಂದ 1000 ನ್ಯಾನೊಮೀಟರಿನಷ್ಟಿದ್ದರೆ ಕಲಿಲ ಎನ್ನುತ್ತೇವೆ. ಇನ್ನೂ ದೊಡ್ಡವಾದರೆ ಕೆಸರುನೀರಿನಂಥ ನಿಲಂಬನ. ಇವೆರಡೂ ಅಸಮರೂಪ ಮಿಶ್ರಣಗಳೇ, ಹಾಲನ್ನು ಕಲಿಲಗಳ ಗುಂಪಿಗೆ ಸೇರಿಸುತ್ತಾರೆ. ಕಲಿಲದ ಕಣಗಳು ಸೋಸುಕಾಗದದ ರಂಧ್ರಗಳಲ್ಲಿ ನುಸುಳಿಬಿಡುತ್ತವೆ, ಆದರೆ ಬೆಳಕನ್ನು ಚದುರಿಸುತ್ತವೆ. ಕತ್ತಲೆ ಕೋಣೆಯಲ್ಲಿ ಒಂದು ಗಾಜಿನ ಲೋಟಕ್ಕೆ ಉಪ್ಪುನೀರನ್ನೂ ಇನ್ನೊಂದಕ್ಕೆ ಕೆಲವೇ ಹನಿ ಹಾಲು ಬೆರೆಸಿದ ನೀರನ್ನೂ ಹಾಕಿ, ಪಕ್ಕದಿಂದ ಟಾರ್ಚ್ ಹಿಡಿದು ಮಗಳಿಗೆ ತೋರಿಸಿ. ಹಾಲಿನ ಲೋಟದಲ್ಲಿ ಮಾತ್ರ ಬೆಳಕಿನ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಇದೇ ಟಿಂಡಾಲ್ ಪರಿಣಾಮ.

ಉತ್ತರ 2:
ಮೇಲಿನ ಉತ್ತರ ಸರಿಯೇ. ಆದರೆ ಹಾಲನ್ನು ಕಲಿಲ ಎಂದಷ್ಟೇ ಹೇಳಿದರೆ ಸಾಲದು, ಏಕೆಂದರೆ ಅದರಲ್ಲಿ ಹಲವು ಬಗೆಯ ಮಿಶ್ರಣ ಒಟ್ಟಿಗೇ ಇದೆ. ಹಸುವಿನ ಹಾಲಿನಲ್ಲಿ ಸುಮಾರು 87 ಪ್ರತಿಶತ ನೀರು. ಲ್ಯಾಕ್ಟೋಸ್ ಸಕ್ಕರೆ ಅದರಲ್ಲಿ ಪೂರ್ತಿ ಕರಗಿದೆ. ಕೇಸೀನ್ ಪ್ರೋಟೀನು ಕಲಿಲ ಗಾತ್ರದ ಗುಚ್ಛಗಳಾಗಿ ಹರಡಿದೆ. ಕೊಬ್ಬಿನ ಹನಿಗಳಲ್ಲಿ ಹಲವು 1000 ನ್ಯಾನೊಮೀಟರನ್ನೂ ಮೀರುತ್ತವೆ. ಕರೆದ ಹಾಲನ್ನು ಹಾಗೆಯೇ ಇಟ್ಟರೆ ಕೆನೆ ಮೇಲೇಳುವುದು ನೀರಿಗಿಂತ ಹಗುರವಾದ ಈ ಹನಿಗಳಿಂದಲೇ. ಕೆಲವು ಬಗೆಯ ಪ್ಯಾಕೆಟ್ ಹಾಲಿನಲ್ಲಿ ಹೆಚ್ಚಿನ ಒತ್ತಡದಿಂದ ಹನಿಗಳನ್ನು ಒಡೆದು ಸಣ್ಣದಾಗಿಸಿರುವುದರಿಂದ ಕೆನೆ ಕಟ್ಟುವುದಿಲ್ಲ. ಆಗಲೂ ಕೊಬ್ಬು ಕರಗಿರುವುದಿಲ್ಲ, ಹಾಗಾಗಿ ಹಾಲು ಅಸಮರೂಪವೇ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ನಿಂಬೆರಸ ಹಿಂಡಿ ಹಾಲು ಒಡೆಸಿ, ಅದು ಮಿಶ್ರಣವೆಂದು ಮಗಳಿಗೆ ತೋರಿಸಬಹುದೇ?

ಉತ್ತರ 2:
ಅದನ್ನು ಪುರಾವೆಯಾಗಿ ಬಳಸದಿರುವುದು ಒಳ್ಳೆಯದು. ಆಮ್ಲ ಬಿದ್ದು ಪಿಎಚ್ (ಆಮ್ಲೀಯತೆಯ ಅಳತೆ, ಆಮ್ಲ ಹೆಚ್ಚಿದಂತೆ ಇಳಿಯುತ್ತದೆ) ಸುಮಾರು 4.6ಕ್ಕೆ ಇಳಿದಾಗ ಕೇಸೀನಿನ ವಿದ್ಯುದಾವೇಶವೇ ಬದಲಾಗಿ ಗುಚ್ಛಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದು ಬರೀ ಭೌತಿಕ ಬೇರ್ಪಡಿಕೆಯಲ್ಲ. ಹಾಲನ್ನು ವೇಗವಾಗಿ ತಿರುಗಿಸಿ ಕೆನೆ ತೆಗೆಯುವ ಯಂತ್ರವನ್ನು ಹತ್ತಿರದ ಡೇರಿಯಲ್ಲಿ ತೋರಿಸಿ. ಸ್ವೀಡನ್ನಿನ ಗುಸ್ಟಾಫ್ ಡಿ ಲಾವಾಲ್ 1878ರಲ್ಲಿ ರೂಪಿಸಿದ ಈ ವಿಧಾನದಲ್ಲಿ ಹೊರಗಿನಿಂದ ಏನನ್ನೂ ಸೇರಿಸದೆಯೇ ಕೆನೆಯೂ ಕೆನೆ ತೆಗೆದ ಹಾಲೂ ಬೇರೆ ಬೇರೆ ನಳಿಕೆಗಳಲ್ಲಿ ಹರಿದು ಬರುತ್ತವೆ.